ಇಂಪಾಲಾದ ಪವರ್‌ಗ್ಲೈಡ್ ತೆಗೆದು ಯಾವ ಆಟೊಮ್ಯಾಟಿಕ್ ಹಾಕಬೇಕು? ದೇವಿಮನೆ ಘಟ್ಟ ಹತ್ತುವ ಗಾಡಿಗೆ ಉತ್ತರ

ಪ್ರಶ್ನೆ: ನಮ್ಮದು ಶಿರಸಿ. ಅಜ್ಜನ ಕಾಲದಿಂದ ಮನೆಯಲ್ಲಿರುವ 1966ರ ಶೆವ್ರೊಲೆ ಇಂಪಾಲಾ ಇದೆ. ಬಲಗೈ ಸ್ಟಿಯರಿಂಗ್, 283 ಘನ ಇಂಚಿನ ವಿ8 ಇಂಜಿನ್, ಎರಡು ಗೇರಿನ ಪವರ್‌ಗ್ಲೈಡ್ ಆಟೊಮ್ಯಾಟಿಕ್. ಇಂಜಿನ್ ಚೆನ್ನಾಗಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವಾಗ ಮಾತ್ರ ಗೇರ್‌ಬಾಕ್ಸ್ ವಿಪರೀತ ಕಾಯುತ್ತದೆ, ಮೇಲೆ ಬರುವಷ್ಟರಲ್ಲಿ ಎಣ್ಣೆ ಸುಟ್ಟ ವಾಸನೆ. ಇದನ್ನು ತೆಗೆದು ಓವರ್‌ಡ್ರೈವ್ (ಇಂಜಿನ್ನಿನ ಸುತ್ತು ಇಳಿಸುವ ಮೇಲ್‌ಗೇರು) ಇರುವ ನಾಲ್ಕು ಗೇರಿನ 700ಆರ್4 ಹಾಕಬೇಕೆಂದಿದ್ದೇವೆ. ಚಾಸಿ ಕತ್ತರಿಸದೆ ಆಗುತ್ತದೆಯೇ? ಏನೇನು ಬದಲಾಯಿಸಬೇಕು?

ಉತ್ತರ: ಆಗುತ್ತದೆ. ಆದರೆ ನಿಮ್ಮ ಗಾಡಿಗೆ, ನೀವು ಓಡಿಸುವ ದಾರಿಗೆ 700ಆರ್4 ಸರಿಯಾದ ಆಯ್ಕೆ ಅಲ್ಲ. ಶೆವ್ರೊಲೆಯ ಮಾತೃ ಕಂಪನಿ ಜಿಎಂನದೇ (ಜನರಲ್ ಮೋಟರ್ಸ್) ಮೂರು ಗೇರಿನ ಟರ್ಬೊ 350 (ಟಿಎಚ್350) ಹಾಕಿ. ಅದಕ್ಕೂ ಮೊದಲು, ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಮಾಡಿ ನೋಡಿ.

ಗೇರ್‌ಬಾಕ್ಸ್ ಯಾಕೆ ಕಾಯುತ್ತದೆ ಎಂಬ ಲೆಕ್ಕ ಮೊದಲು ಗೊತ್ತಿರಬೇಕು. ನಿಮ್ಮ ಹಿಂದಿನ ಹೌಸಿಂಗಿನ ಕ್ರೌನ್ ಪಿನಿಯನ್ ಅನುಪಾತ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಸುತ್ತು) 3.36 ಎಂದಿಟ್ಟುಕೊಳ್ಳೋಣ. ಟೈರು ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ ಸುಮಾರು 1,070 ಸುತ್ತು ತಿರುಗುತ್ತದೆ. ಗಾಡಿ ಡ್ರೈವ್‌ನಲ್ಲಿದ್ದು ಮೇಲಿನ ಗೇರಿಗೆ ಹೋಗಿದ್ದರೆ ಗೇರ್‌ಬಾಕ್ಸಿನ ಒಳಗೂ ಅಷ್ಟೇ ಸುತ್ತು. ಆದರೆ ಏರಿನಲ್ಲಿ ಆ ಭಾರ ಎಳೆಯಲು ಇಂಜಿನ್ನಿಗೆ ಅಷ್ಟು ಸುತ್ತು ಸಾಲದು. ಅದು 1,500 ದಾಟಿ ತಿರುಗುತ್ತದೆ. ನಡುವಿನ ವ್ಯತ್ಯಾಸವನ್ನೆಲ್ಲ, ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಜಾರುತ್ತ ತುಂಬಿಕೊಳ್ಳುತ್ತದೆ, ಜಾರಿದ ಶಕ್ತಿ ಪೂರ್ತಿ ಎಣ್ಣೆಯ ಬಿಸಿಯಾಗುತ್ತದೆ. ಕತಗಾಲ ದಾಟಿ ತಿರುವುಗಳು ಶುರುವಾದ ಮೇಲೆ ದೇವಿಮನೆಯವರೆಗೂ ಹೀಗೇ ಜಾರುತ್ತ ಬಂದರೆ ಎಣ್ಣೆ ಸುಡದೆ ಇನ್ನೇನಾಗುತ್ತದೆ?

ಅದೇ 40 ಕಿ.ಮೀ. ವೇಗದಲ್ಲಿ ಲಿವರನ್ನು ಕೈಯಾರೆ ಲೋ ಸ್ಥಾನಕ್ಕೆ ಎಳೆದರೆ, ಪವರ್‌ಗ್ಲೈಡಿನ ಕೆಳಗೇರಿನ ಅನುಪಾತ 1.82 ಆದ್ದರಿಂದ, ಇಂಜಿನ್ ಸುಮಾರು 1,940 ಸುತ್ತಿನಲ್ಲಿರುತ್ತದೆ. 283 ಇಂಜಿನ್ನಿಗೆ ಇದು ಆರಾಮದ ವೇಗ, ಕನ್ವರ್ಟರ್ ಜಾರುವುದು ಬಹಳಷ್ಟು ಕಡಿಮೆಯಾಗುತ್ತದೆ. 283ರ ಜತೆ ಬಂದ ಪವರ್‌ಗ್ಲೈಡುಗಳಲ್ಲಿ 1.76 ಅನುಪಾತದವೂ ಇವೆ, ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಮುಂದಿನ ಸಲ ಕತಗಾಲದಿಂದಲೇ ಲೋ ಹಾಕಿ, 55 ಕಿ.ಮೀ. ದಾಟದಂತೆ ಹತ್ತಿ ನೋಡಿ. ರೇಡಿಯೇಟರಿನ ಮುಂದೆ ಒಂದು ಎಣ್ಣೆ ಕೂಲರ್ ಸೇರಿಸಿ. ಎಷ್ಟೋ ಪವರ್‌ಗ್ಲೈಡುಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ. ಹಾಗೆ ಮಾಡಿದ ಮೇಲೂ ವಾಸನೆ ಬಂದರೆ, ಇಲ್ಲವೇ ಏರು ಮುಗಿದು ಸಮತಟ್ಟು ಬಂದಾಗ ಗೇರ್ ಬೀಳುವಲ್ಲಿ ಇಂಜಿನ್ ಕೂಗಿಕೊಂಡರೆ, ಕ್ಲಚ್ ಪ್ಲೇಟು ಸವೆದಿದೆ ಎಂದರ್ಥ. ಆಗ ಬದಲಾವಣೆಯ ಮಾತು ಆಡಬಹುದು.

ಟರ್ಬೊ 350 ಯಾಕೆ? ಅದರ ಅನುಪಾತಗಳು 2.52, 1.52, 1.00. ಎರಡನೆಯ ಗೇರಿನಲ್ಲಿ 40 ಕಿ.ಮೀ.ಗೆ ಇಂಜಿನ್ ಸುಮಾರು 1,620 ಸುತ್ತು, 50ಕ್ಕೆ 2,000 ದಾಟುತ್ತದೆ. ನಮ್ಮ ಘಟ್ಟಗಳ ಸರಾಸರಿ ವೇಗ ಇದೇ. ತಿರುವಿನಲ್ಲಿ ಲಾರಿಯ ಹಿಂದೆ 20ಕ್ಕೆ ಇಳಿದರೆ ಒಂದನೆಯ ಗೇರು 2.52 ಇದೆ, ಪವರ್‌ಗ್ಲೈಡಿನ 1.82ಕ್ಕಿಂತ ಎಷ್ಟೋ ಬಲವಾದದ್ದು. ಒಂದರಿಂದ ಎರಡಕ್ಕೆ ಬೀಳುವ ಅಂತರವೂ ದೊಡ್ಡದಲ್ಲ. 700ಆರ್4ನಲ್ಲಿ ಒಂದನೆಯದು 3.06, ಎರಡನೆಯದು 1.63. ಏರಿನಲ್ಲಿ ಒಂದರಲ್ಲಿ ಇಂಜಿನ್ ಕಿರುಚುತ್ತದೆ, ಎರಡಕ್ಕೆ ಬಿದ್ದ ಕೂಡಲೇ ಸೊರಗುತ್ತದೆ, ಮತ್ತೆ ಒಂದಕ್ಕೆ ಇಳಿಯುತ್ತದೆ. ಈ ಹತ್ತಿ ಇಳಿಯುವ ಆಟದಲ್ಲೇ ಕ್ಲಚ್ಚುಗಳು ಸವೆಯುತ್ತವೆ.

ಓವರ್‌ಡ್ರೈವಿನ ಆಸೆ ನಿಮಗೆ ಹೆದ್ದಾರಿ 66ರ ಮೇಲೆ ಬಂದಿರಬೇಕು. ಲೆಕ್ಕ ಹಾಕಿ ನೋಡಿ: ನೇರ ಗೇರಿನಲ್ಲಿ 80 ಕಿ.ಮೀ.ಗೆ ನಿಮ್ಮ ಇಂಜಿನ್ ಸುಮಾರು 2,130 ಸುತ್ತು, 100ಕ್ಕೆ 2,670. ಇದು ಹೆಚ್ಚೇನಲ್ಲ. 700ಆರ್4ನ 0.70 ಓವರ್‌ಡ್ರೈವ್ ಬಿದ್ದರೆ 80ಕ್ಕೆ 1,490 ಆಗುತ್ತದೆ. ಅಂಕೋಲಾದಿಂದ ಭಟ್ಕಳದವರೆಗೆ ಊರು, ಸೇತುವೆ, ಅಡ್ಡ ಬರುವ ದನಗಳ ನಡುವೆ ಆ ಸುತ್ತಿನಲ್ಲಿ ಇಂಜಿನ್ ಎಳೆಯಲಾರದೆ ಪದೇ ಪದೇ ಮೂರಕ್ಕೆ ಇಳಿಯುತ್ತದೆ. ದಿನವಿಡೀ 100ರ ಮೇಲೆ ಓಡುವ ಗಾಡಿಗೆ ಓವರ್‌ಡ್ರೈವ್ ಬೇಕು. ನಿಮ್ಮದು ಆ ಗಾಡಿಯಲ್ಲ.

ಓವರ್‌ಡ್ರೈವ್ ಬೇಕೇ ಬೇಕು ಎಂದು ಮನೆಯವರು ಹಟ ಹಿಡಿದರೆ 200-4ಆರ್ ನೋಡಿ, 700ಆರ್4 ಅಲ್ಲ. 200-4ಆರ್ 1981ರಲ್ಲಿ ಬಂತು, ಅನುಪಾತ 2.74, 1.57, 1.00, 0.67. ಉದ್ದ 27 11/16 ಇಂಚು, ಅಂದರೆ ಗಿಡ್ಡ ಟೈಲಿನ (ಹಿಂಬದಿಯ ಬಾಲದಂಥ ಹೌಸಿಂಗಿನ) ಪವರ್‌ಗ್ಲೈಡಿನಷ್ಟೇ, ಶಾಫ್ಟ್ ಕತ್ತರಿಸುವ ಪ್ರಮೇಯ ಬರುವುದಿಲ್ಲ. 700ಆರ್4 ಸುಮಾರು 30 3/4 ಇಂಚು, ಶಾಫ್ಟನ್ನು ಮೂರು ಇಂಚು ಮೊಟಕು ಮಾಡಲೇಬೇಕು. ಆದರೆ 200-4ಆರ್‌ನ ಮೌಂಟು (ಗೇರ್‌ಬಾಕ್ಸನ್ನು ಹೊರುವ ಆಸರೆ) ಆರಿಂಚಿಗೂ ಹೆಚ್ಚು ಹಿಂದೆ ಬರುತ್ತದೆ, ಅದಕ್ಕೆ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಬೇರೆ ಬೇಕು. ಎರಡಕ್ಕೂ ಇರುವ ದೊಡ್ಡ ಅಪಾಯ ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಈ ಕೇಬಲ್ ಬರೀ ಗೇರ್ ಬೀಳುವ ಸಮಯವನ್ನಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೇ ನಿಯಂತ್ರಿಸುತ್ತದೆ. ಅದು ಸಡಿಲವಾಗಿದ್ದರೆ, ಇಲ್ಲವೇ ಕಾರ್ಬ್ಯುರೇಟರಿನ ಲಿವರಿನಲ್ಲಿ ತಪ್ಪು ತೂತಿಗೆ ಸಿಕ್ಕಿಸಿದ್ದರೆ, ಒತ್ತಡ ಸಾಲದೆ ಹೊಸ ಕ್ಲಚ್ ಪ್ಲೇಟುಗಳು ಒಂದೇ ಓಟದಲ್ಲಿ ಸುಟ್ಟುಹೋಗುತ್ತವೆ. ಹಳೆಯ ರೋಚೆಸ್ಟರ್ ಎರಡು ಬಾಯಿಯ ಕಾರ್ಬ್ಯುರೇಟರಿಗೆ ಸರಿಯಾದ ಟಿವಿ ಬ್ರಾಕೆಟ್ ಪ್ರತ್ಯೇಕವಾಗಿ ತರಿಸಬೇಕು. ಆ ಕೇಬಲ್ಲನ್ನು ಒತ್ತಡದ ಗೇಜ್ ಹಾಕಿ ಹೊಂದಿಸುವವರು ಹತ್ತಿರದಲ್ಲಿ ಇಲ್ಲದಿದ್ದರೆ ಆ ದಾರಿಗೆ ಹೋಗಬೇಡಿ. ಟರ್ಬೊ 350ರಲ್ಲಿ ಒತ್ತಡವನ್ನು ನೋಡಿಕೊಳ್ಳುವುದು ವ್ಯಾಕ್ಯೂಮ್ ಮಾಡ್ಯುಲೇಟರ್, ಅಂದರೆ ಇಂಜಿನ್ ಗಾಳಿ ಹೀರುವ ಬಲಕ್ಕೆ (ವ್ಯಾಕ್ಯೂಮ್) ತಕ್ಕಂತೆ ಒತ್ತಡ ಬದಲಿಸುವ ಭಾಗ. ಅಲ್ಲಿರುವ ಕಿಕ್‌ಡೌನ್ ಕೇಬಲ್ಲಿನ ಕೆಲಸ ಎಕ್ಸಲೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದಷ್ಟೇ. ಅದು ತಪ್ಪಿದರೂ ಗೇರ್‌ಬಾಕ್ಸ್ ಸಾಯುವುದಿಲ್ಲ.

ಕೊಳ್ಳುವಾಗ ಗುರುತಿಸುವುದು ಹೀಗೆ. ಟರ್ಬೊ 350ರ ಚೇಂಬರಿಗೆ (ತಳದ ಎಣ್ಣೆ ತಟ್ಟೆ) 13 ಬೋಲ್ಟು, ಚೌಕಾಕಾರದ ಒಂದು ಮೂಲೆ ಕತ್ತರಿಸಿದಂತೆ ಇರುತ್ತದೆ. ಪವರ್‌ಗ್ಲೈಡಿಗೆ 14, 700ಆರ್4 ಮತ್ತು 200-4ಆರ್‌ಗೆ 16. ಮಾರುವವನು ಏನೇ ಹೇಳಲಿ, ಮೊದಲು ಬೋಲ್ಟು ಎಣಿಸಿ. ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಇಂಜಿನ್ನಿಗೆ ಕೂಡುವ ಮುಂಭಾಗ) ಶೆವ್ರೊಲೆಯದೇ ಆಗಿರಬೇಕು. ಬ್ಯೂಕ್, ಓಲ್ಡ್ಸ್‌ಮೊಬಿಲ್, ಪಾಂಟಿಯಾಕಿನ ಟರ್ಬೊ 350 ನಿಮ್ಮ ಬ್ಲಾಕಿಗೆ ಕೂರುವುದಿಲ್ಲ. ಕೇಸಿನ ಬದಿಯಲ್ಲಿ ವಿದ್ಯುತ್ ಪ್ಲಗ್ ಇದ್ದರೆ ಅದು ಲಾಕಪ್ (ಜಾರದಂತೆ ಒಳಗೇ ಬಿಗಿದುಕೊಳ್ಳುವ) ಕನ್ವರ್ಟರಿನ ಟಿಎಚ್350ಸಿ ಇರಬಹುದು. ಅದಕ್ಕೆ ಅದರದೇ ಕನ್ವರ್ಟರ್ ಬೇಕು, ನಿಮಗೆ ಆ ತಾಪತ್ರಯ ಬೇಡ. ಟೈಲ್ 6, 9, 12 ಇಂಚು ಹೀಗೆ ಮೂರು ಉದ್ದದಲ್ಲಿ ಬರುತ್ತದೆ. ಪವರ್‌ಗ್ಲೈಡಿನಲ್ಲೂ ಗಿಡ್ಡ, ಉದ್ದ ಎರಡೂ ಇವೆ. ಆದ್ದರಿಂದ ಆರ್ಡರ್ ಕೊಡುವ ಮುಂಚೆ ಗಾಡಿಯಡಿ ಮಲಗಿ ಬೆಲ್‌ಹೌಸಿಂಗ್ ಮುಖದಿಂದ ಟೈಲಿನ ತುದಿಯವರೆಗೆ ಟೇಪು ಹಿಡಿಯಿರಿ. ಸುಮಾರು 27 1/2 ಇಂಚು ಬಂದರೆ 6 ಇಂಚಿನ ಟೈಲಿನ ಟರ್ಬೊ 350, ಅಂದರೆ 27 11/16 ಇಂಚಿನದು, ಮೌಂಟು, ಶಾಫ್ಟ್ ಎರಡನ್ನೂ ಹೆಚ್ಚು ಕಾಡದೆ ಕೂರುತ್ತದೆ. ಎರಡರ ಹಿಂದಿನ ಶಾಫ್ಟಿಗೂ 27 ಹಲ್ಲಿನ ಸ್ಪ್ಲೈನ್, ಹಾಗಾಗಿ ನಿಮ್ಮ ಈಗಿನ ಯೋಕ್ (ಪ್ರೊಪೆಲ್ಲರ್ ಶಾಫ್ಟಿನ ಜಾರುವ ಮುಂತುದಿ) ಹೊಂದುತ್ತದೆ. ಬೇರೆ ಉದ್ದ ಬಂದರೆ ಅದಕ್ಕೆ ತಕ್ಕ ಟೈಲ್ ಹುಡುಕಿ. ಶಾಫ್ಟ್ ಕತ್ತರಿಸುವುದು ಕೊನೆಯ ಮಾತು.

ಕನ್ವರ್ಟರ್, ಡಿಪ್‌ಸ್ಟಿಕ್ ಮತ್ತು ಅದರ ನಳಿಗೆ, ಕಿಕ್‌ಡೌನ್ ಕೇಬಲ್ ಮತ್ತು ಬ್ರಾಕೆಟ್, ಮಾಡ್ಯುಲೇಟರ್, ಫಿಲ್ಟರು, ಮುಂದಿನ ಹಿಂದಿನ ಸೀಲು ಎಲ್ಲವನ್ನೂ ಒಂದೇ ಸಲ ತರಿಸಿ. ಸಣ್ಣದೊಂದು ನಳಿಗೆಗಾಗಿ ಗಾಡಿ ತಿಂಗಳುಗಟ್ಟಲೆ ಜಾಕಿಯ ಮೇಲೆ ನಿಲ್ಲುವುದು ಈ ಕೆಲಸದಲ್ಲಿ ಮಾಮೂಲು. ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕಿಗೂ ಕನ್ವರ್ಟರಿಗೂ ನಡುವಿನ ತಟ್ಟೆ) ನಿಮ್ಮ ಹಳೆಯದೇ ನಡೆಯಬಹುದು, ಆದರೆ ಕನ್ವರ್ಟರಿನ ಬೋಲ್ಟು ವೃತ್ತ ತಾಳೆಯಾಗಬೇಕು: 10 3/4 ಇಂಚು ಇಲ್ಲವೇ 11 1/2 ಇಂಚು. ಹೊಸತು ಬೇಕಾದರೆ 1986ಕ್ಕಿಂತ ಹಿಂದಿನ ಇಂಜಿನ್ನಿನದೇ ತರಿಸಿ. ಆ ವರ್ಷದಿಂದ ಕ್ರ್ಯಾಂಕಿನ ಹಿಂದಿನ ಸೀಲು ಬದಲಾಗಿ ಬೋಲ್ಟು ವೃತ್ತವೂ ಬದಲಾಯಿತು. ರಿಂಗಿನ ಹಲ್ಲು 153 ಇಲ್ಲವೇ 168. ಎರಡರ ಸೆಲ್ಫ್ ಮೋಟಾರಿನ ಮೂತಿ ಬೇರೆ ಬೇರೆ. ಹಲ್ಲು ಎಣಿಸಿ ಬರೆದುಕೊಳ್ಳಿ.

ಇನ್ನು ಇಳಿಸುವ ಕೆಲಸ. ಬ್ಯಾಟರಿ ತಂತಿ ಬಿಚ್ಚಿ, ಗಾಡಿಯನ್ನು ನಾಲ್ಕು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಈ ಇಂಜಿನ್ನಿನ ಡಿಸ್ಟ್ರಿಬ್ಯುಟರ್ ಹಿಂಬದಿಯಲ್ಲಿ, ಫೈರ್‌ವಾಲಿಗೆ ಅಂಟಿಕೊಂಡಂತೆ ಇದೆ. ಗೇರ್‌ಬಾಕ್ಸಿನ ಆಸರೆ ತಪ್ಪಿದರೆ ಇಂಜಿನ್ ಹಿಂದಕ್ಕೆ ವಾಲಿ ಅದರ ಕ್ಯಾಪು ಒಡೆಯುತ್ತದೆ. ಕ್ಯಾಪು ಮೊದಲೇ ತೆಗೆದಿಡಿ, ಇಂಜಿನ್ ಚೇಂಬರಿನ ಅಡಿಗೆ ಹಲಗೆಯಿಟ್ಟು ಜಾಕಿ ಕೊಡಿ. ಬೋಲ್ಟುಗಳೆಲ್ಲ ಇಂಚಿನ ಅಳತೆಯವು, ಮಿ.ಮೀ. ಪಾನಾ ಹಾಕಿ ತಲೆ ದುಂಡಗೆ ಮಾಡಬೇಡಿ. ಹಳೆಯ ಡಬ್ಬಿ ಕೆಳಗಿಳಿದ ಮೇಲೆ ಇಂಜಿನ್ನಿನ ಹಿಂಬದಿಯನ್ನು ನಿಧಾನವಾಗಿ ನೋಡಿ. ಕ್ರ್ಯಾಂಕಿನ ಸೀಲು, ಕ್ಯಾಮ್ ಶಾಫ್ಟಿನ ತಟ್ಟೆ ಮುಚ್ಚಳ, ಎರಡು ಡೋವೆಲ್ ಪಿನ್ನು. ಮತ್ತೆ ಇಷ್ಟು ಸುಲಭವಾಗಿ ಅಲ್ಲಿಗೆ ಕೈ ಹೋಗುವುದಿಲ್ಲ. ಡೋವೆಲ್ ಪಿನ್ನು ಇಲ್ಲದೆ ಬರೀ ಬೋಲ್ಟಿನ ಮೇಲೆ ಕೂರಿಸಿದರೆ ಗೇರ್‌ಬಾಕ್ಸ್ ಕೇಂದ್ರ ತಪ್ಪಿ ಮುಂದಿನ ಸೀಲು ಮತ್ತು ಪಂಪಿನ ಬುಷ್ ಹಾಳಾಗುತ್ತವೆ.

ಇಡೀ ಕೆಲಸದಲ್ಲಿ ಹೆಚ್ಚು ಜನ ಸೋಲುವುದು ಕನ್ವರ್ಟರ್ ಕೂರಿಸುವಲ್ಲಿ. ಅದರೊಳಗೆ ಒಂದು ಲೀಟರ್ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಸುರಿದು, ಕುತ್ತಿಗೆಗೆ ಎಣ್ಣೆ ಸವರಿ, ತಿರುಗಿಸುತ್ತ ಒಳಕ್ಕೆ ತಳ್ಳಿ. ಎರಡು ಶಾಫ್ಟಿನ ಹಲ್ಲು, ಆಮೇಲೆ ಪಂಪಿನ ನಾಲಿಗೆ, ಹೀಗೆ ಹಂತ ಹಂತವಾಗಿ ಟಕ್ ಎಂದು ಒಳಗಿಳಿಯಬೇಕು. ಕೊನೆಯ ಹಂತ ಇಳಿಯದಿದ್ದರೂ ಕೂತಂತೆಯೇ ಕಾಣುತ್ತದೆ, ಅಲ್ಲೇ ಮೋಸ. ಆಮೇಲೆ ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸಿ. ಎರಡೂ ಮುಖ ಕೈಬಲದಲ್ಲೇ ಪೂರ್ತಿ ಕೂಡಬೇಕು. ಕಾಲಿಂಚು ಸಂದು ಉಳಿದರೆ ಬೋಲ್ಟು ಬಿಗಿದು ಎಳೆಯಬೇಡಿ, ಎಳೆದರೆ ಪಂಪು ಒಡೆಯುತ್ತದೆ. ಹಿಂದಕ್ಕೆ ತೆಗೆದು ಕನ್ವರ್ಟರ್ ಮತ್ತೆ ಕೂರಿಸಿ. ಮುಖಗಳು ಕೂಡಿ ಬೆಲ್‌ಹೌಸಿಂಗಿನ 3/8 ಇಂಚಿನ ಬೋಲ್ಟುಗಳನ್ನು ಸುಮಾರು 45 ನ್ಯೂಟನ್ ಮೀಟರಿಗೆ ಬಿಗಿದ ಮೇಲೆ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಈಗ ಫ್ಲೆಕ್ಸ್‌ಪ್ಲೇಟಿಗೂ ಕನ್ವರ್ಟರಿನ ಪ್ಯಾಡಿಗೂ ನಡುವೆ 1/8ರಿಂದ 3/16 ಇಂಚು, ಅಂದರೆ ಸುಮಾರು 3ರಿಂದ 5 ಮಿ.ಮೀ. ಸಂದು ಇರಬೇಕು. ಹೆಚ್ಚಿದ್ದರೆ ಮೂರೂ ಪ್ಯಾಡಿಗೆ ಒಂದೇ ದಪ್ಪದ ವಾಷರ್ ಕೊಡಿ. ಸಂದೇ ಇಲ್ಲದಿದ್ದರೆ ಎಲ್ಲೋ ತಪ್ಪಾಗಿದೆ, ಇಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಕನ್ವರ್ಟರ್ ಬೋಲ್ಟು ಸುಮಾರು 47 ನ್ಯೂಟನ್ ಮೀಟರ್, ಫ್ಲೆಕ್ಸ್‌ಪ್ಲೇಟಿನಿಂದ ಕ್ರ್ಯಾಂಕಿಗೆ ಸುಮಾರು 80, ಚೇಂಬರಿನ ಬೋಲ್ಟು 16 ಮಾತ್ರ. ಚೇಂಬರಿನದನ್ನು ಜೋರಾಗಿ ಬಿಗಿದರೆ ತಗಡು ಮಣಿದು ಅಲ್ಲಿಂದಲೇ ಸೋರುತ್ತದೆ.

ಬಲಗೈ ಸ್ಟಿಯರಿಂಗಿನ ಗಾಡಿಯಲ್ಲಿ ಇನ್ನೊಂದು ಇಕ್ಕಟ್ಟು ಇದೆ. ಟರ್ಬೊ 350ರ ಡಿಪ್‌ಸ್ಟಿಕ್ ನಳಿಗೆ, ಕೂಲರ್ ಪೈಪಿನ ಎರಡೂ ಬಾಯಿ, ಕಿಕ್‌ಡೌನ್ ಕೇಬಲ್, ಮಾಡ್ಯುಲೇಟರ್ ಎಲ್ಲವೂ ಬಲಬದಿಗೇ ಬರುತ್ತವೆ. ನಿಮ್ಮ ಸ್ಟಿಯರಿಂಗ್ ಬಾಕ್ಸ್, ಬಲಗಡೆಯ ಸೈಲೆನ್ಸರ್ ಪೈಪೂ ಅಲ್ಲೇ. ಡಬ್ಬಿ ಕೂರಿಸಿದ ಮೇಲೆ ನೋಡೋಣ ಎನ್ನಬೇಡಿ. ನೆಲದ ಮೇಲಿರುವಾಗಲೇ ಪೈಪಿನ ದಾರಿ ಗೊತ್ತುಮಾಡಿ, ಸೈಲೆನ್ಸರಿನಿಂದ ಕನಿಷ್ಠ ಎರಡು ಬೆರಳು ಅಂತರ ಬಿಡಿ. ಗೇರ್ ಲಿವರಿನ ತೋಳು ಮಾತ್ರ ಎಡಬದಿಯಲ್ಲೇ ಉಳಿಯುತ್ತದೆ, ಸ್ಟಿಯರಿಂಗ್ ಕಾಲಮ್ಮಿನಿಂದ ಅಡ್ಡ ಹಾಯುವ ಕಡ್ಡಿಯನ್ನು ಇಟ್ಟುಕೊಳ್ಳಿ. ಆದರೆ ಪವರ್‌ಗ್ಲೈಡಿಗೆ ಐದು ಸ್ಥಾನ, ಟರ್ಬೊ 350ಗೆ ಆರು. ತೋಳಿನ ಉದ್ದ ಬದಲಿಸಿ ಆರೂ ಸ್ಥಾನ ಸಿಗುವಂತೆ ಮಾಡಬೇಕು, ಕಾಲಮ್ಮಿನ ಒಳಗಿನ, ಗೇರ್ ಸ್ಥಾನಗಳ ಕಚ್ಚು ಇರುವ ತಟ್ಟೆಯೂ ಅದಕ್ಕೆ ತಕ್ಕದ್ದು ಬೇಕು. ಪಾರ್ಕ್ ಮತ್ತು ನ್ಯೂಟ್ರಲ್ ಎರಡರಲ್ಲಿ ಮಾತ್ರ ಸೆಲ್ಫ್ ಹೊಡೆಯಬೇಕು. ಬೇರೆ ಯಾವ ಸ್ಥಾನದಲ್ಲಿ ಸ್ಟಾರ್ಟ್ ಆದರೂ ಗಾಡಿ ಹೊರಗೆ ತೆಗೆಯಬೇಡಿ. ಪಾರ್ಕ್‌ನಲ್ಲಿಟ್ಟು ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ನೋಡುವ ಪರೀಕ್ಷೆಯನ್ನೂ ಚಕ್ರಕ್ಕೆ ಕಲ್ಲು ಕೊಟ್ಟುಕೊಂಡೇ ಮಾಡಿ.

ಹಳೆಯ ಪವರ್‌ಗ್ಲೈಡಿಗೆ ಎಕ್ಸಲೇಟರಿನಿಂದ ಹೋಗುತ್ತಿದ್ದ ಟಿವಿ ಕಡ್ಡಿ ಈಗ ಬೇಡ. ತೆಗೆಯುವಾಗ ಕಾರ್ಬ್ಯುರೇಟರಿನ ವಾಪಸು ಸ್ಪ್ರಿಂಗು ಅದರ ಜತೆ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಎಕ್ಸಲೇಟರ್ ಒತ್ತಿದಲ್ಲೇ ನಿಲ್ಲುತ್ತದೆ.

ಮಾಡ್ಯುಲೇಟರಿನ ವ್ಯಾಕ್ಯೂಮ್ ಇನ್‌ಟೇಕ್ ಮ್ಯಾನಿಫೋಲ್ಡಿನಿಂದಲೇ ನೇರವಾಗಿ ಬರಬೇಕು. ಕಾರ್ಬ್ಯುರೇಟರಿನಲ್ಲಿ ಥ್ರಾಟಲ್ ಕವಾಟದ ಮೇಲಿರುವ ಬಾಯಿಯಿಂದ ತೆಗೆದರೆ ಐಡಲ್‌ನಲ್ಲಿ ಅಲ್ಲಿ ಏನೂ ಸಿಗದು, ಗೇರು ತಡವಾಗಿ, ಗುದ್ದಿದಂತೆ ಬೀಳುತ್ತದೆ. ಆರೋಗ್ಯವಂತ 283 ಸಮುದ್ರಮಟ್ಟದಲ್ಲಿ ಐಡಲ್‌ನಲ್ಲಿ 17–18 ಇಂಚು (ಪಾದರಸದ ಅಳತೆ) ವ್ಯಾಕ್ಯೂಮ್ ಕೊಡುತ್ತದೆ. ಪ್ರತಿ 1,000 ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾಕ್ಕಿಂತ ಎರಡು ಇಂಚಿನ ಹತ್ತಿರ ಕಡಿಮೆ ತೋರಿಸಿದರೆ ಅದು ಇಂಜಿನ್ನಿನ ದೋಷವಲ್ಲ. ಮಾಡ್ಯುಲೇಟರಿನ ಒಳಗಿನ ತಿರುಪನ್ನು ಶಿರಸಿಯಲ್ಲಿ ಹೊಂದಿಸಿದರೆ ಕರಾವಳಿಯಲ್ಲಿ ಗೇರು ತುಸು ಬೇಗ, ಮೆತ್ತಗೆ ಬೀಳುತ್ತದೆ. ಹಾಗಾಗಿ ಮೊದಲು ಕುಮಟಾದ ಬಯಲಲ್ಲಿ ಸರಿಯಾಗಿ ಬೀಳುವಂತೆ ಹೊಂದಿಸಿ, ಮೇಲೆ ಬಂದಾಗ ತುಸು ಗಟ್ಟಿಯಾಗಿ ಬೀಳಲಿ. ಏರು ಹತ್ತುವ ಗಾಡಿಗೆ ಮೆತ್ತಗೆ ಜಾರುವುದಕ್ಕಿಂತ ಗಟ್ಟಿ ಬೀಳುವುದೇ ಒಳ್ಳೆಯದು. ಮುಂದೆ ಎಂದಾದರೂ ನೆಲಕ್ಕೆ ಹನಿಯೂ ಬೀಳದೆ ಎಣ್ಣೆ ಕಡಿಮೆಯಾಗುತ್ತ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದರೆ ಮಾಡ್ಯುಲೇಟರಿನ ಪೊರೆ ಹರಿದು ಇಂಜಿನ್ ಎಟಿಎಫ್ ಕುಡಿಯುತ್ತಿದೆ ಎಂದು ತಿಳಿಯಿರಿ. ಪಿಸ್ಟನ್ ರಿಂಗು ಹೋಯಿತೆಂದು ಇಂಜಿನ್ ಬಿಚ್ಚಲು ಹೋಗಬೇಡಿ.

ಕೂಲರಿನ ವಿಷಯದಲ್ಲಿ ಜಿಪುಣತನ ಬೇಡ. ಹಳೆಯ ರೇಡಿಯೇಟರಿನ ತೊಟ್ಟಿಯೊಳಗೆ ಒಂದು ಕೂಲರ್ ಇರುತ್ತದೆ. ಕರಾವಳಿಯ ಉಪ್ಪುಗಾಳಿ, ಬರೀ ನೀರು ತುಂಬಿ ಓಡಿಸಿದ ವರ್ಷಗಳು ಸೇರಿ ಅದು ಒಳಗೆ ತುಕ್ಕು ಹಿಡಿದು ತೂತಾಗುತ್ತದೆ. ಆಗ ನೀರು ಎಟಿಎಫ್‌ಗೆ ಸೇರಿ ಎಣ್ಣೆ ಗುಲಾಬಿ ಹಾಲಿನಂತಾಗುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಟ್ಟು ಸಿಪ್ಪೆ ಏಳುತ್ತದೆ. ಹೊಸ ಗೇರ್‌ಬಾಕ್ಸ್ ಹಾಕುವ ಮುನ್ನ ಆ ಒಳಕೂಲರಿಗೆ ಗಾಳಿ ಒತ್ತಡ ಕೊಟ್ಟು ನೀರಿನಲ್ಲಿ ಗುಳ್ಳೆ ಬರುತ್ತದೆಯೇ ನೋಡಿ. ಅನುಮಾನವಿದ್ದರೆ ಅದನ್ನು ಪೂರ್ತಿ ಬಿಟ್ಟು, ರೇಡಿಯೇಟರಿನ ಮುಂದೆ ತಟ್ಟೆಗಳನ್ನು ಪೇರಿಸಿದ ಮಾದರಿಯ ದೊಡ್ಡ ಕೂಲರ್ ಒಂದನ್ನೇ ಹಾಕಿ. ಕೇಸಿನ ಕೆಳಗಿನ ಬಾಯಿಯಿಂದ ಬಿಸಿ ಎಣ್ಣೆ ಹೊರಡುತ್ತದೆ, ಮೇಲಿನದಕ್ಕೆ ವಾಪಸು. ಪೈಪು 5/16 ಇಂಚಿನ ಉಕ್ಕು ಇಲ್ಲವೇ ತಾಮ್ರ–ನಿಕ್ಕಲ್ ಮಿಶ್ರದ್ದು. ಬರೀ ತಾಮ್ರದ ಪೈಪು ಅಲುಗಾಟಕ್ಕೆ ಗಡುಸಾಗಿ ಬಿರಿಯುತ್ತದೆ, ಎಸಿ ಮೆಕ್ಯಾನಿಕ್ ಎಷ್ಟೇ ಚೆನ್ನಾಗಿ ಬಗ್ಗಿಸಿಕೊಟ್ಟರೂ ಬೇಡ. ಹಳೆಯ ಡಬ್ಬಿ ಸುಟ್ಟಿದ್ದರೆ ಅದರ ಕಸ ಹಳೆಯ ಕೂಲರಿನಲ್ಲೂ ಪೈಪಿನಲ್ಲೂ ಕೂತಿರುತ್ತದೆ. ಕೂಲರ್ ಹೊಸದೇ ಹಾಕಿ, ಪೈಪಿಗೆ ಸೀಮೆಎಣ್ಣೆ ಹಾಯಿಸಿ, ಗಾಳಿ ಊದಿ, ಕೊನೆಗೆ ಎಟಿಎಫ್ ಹಾಯಿಸಿ. ಜೋಡಿಸಿದ ಮೇಲೆ ವಾಪಸು ಪೈಪನ್ನು ಡಬ್ಬಕ್ಕೆ ಬಿಟ್ಟು ಇಂಜಿನ್ ಐಡಲ್‌ನಲ್ಲಿಡಿ: 30 ಸೆಕೆಂಡಿನಲ್ಲಿ ಒಂದು ಲೀಟರಾದರೂ ಬರಬೇಕು. ಬಾರದಿದ್ದರೆ ಎಲ್ಲೋ ಕಟ್ಟಿದೆ.

ಹೊರಹೋಗುವ ಬಿಸಿ ಪೈಪಿಗೇ ಒಂದು ಉಷ್ಣತೆಯ ಗೇಜು ಹಾಕಿಸಿ. ಈ ಇಡೀ ಕೆಲಸದಲ್ಲಿ ಅತಿ ಅಗ್ಗದ, ಅತಿ ಉಪಯೋಗದ ವಸ್ತು ಅದೇ. ಬಯಲಲ್ಲಿ 80–95 ಡಿಗ್ರಿ ಇರಲಿ. ಘಟ್ಟದಲ್ಲಿ 110ರವರೆಗೆ ಏರಿ ಮತ್ತೆ ಇಳಿದರೆ ಚಿಂತೆಯಿಲ್ಲ. 120 ದಾಟಿದರೆ ಬದಿಗೆ ನಿಲ್ಲಿಸಿ, ಪಾರ್ಕ್‌ನಲ್ಲಿಟ್ಟು ಇಂಜಿನ್ನನ್ನು 1,000–1,200 ಸುತ್ತಿನಲ್ಲಿ ಓಡಲು ಬಿಡಿ. ಇಂಜಿನ್ ಆರಿಸಿದರೆ ಪಂಪೂ ನಿಲ್ಲುತ್ತದೆ, ಬಿಸಿ ಎಣ್ಣೆ ಕನ್ವರ್ಟರಿನಲ್ಲೇ ಉಳಿಯುತ್ತದೆ.

ಗೇರ್‌ಬಾಕ್ಸಿನ ಉಸಿರು ನಳಿಗೆಯನ್ನು ಮಳೆಗಾಲದ ದೃಷ್ಟಿಯಿಂದ ರಬ್ಬರ್ ಪೈಪು ಸೇರಿಸಿ ಫೈರ್‌ವಾಲಿನ ಎತ್ತರಕ್ಕೆ ಒಯ್ಯಿರಿ. ಜುಲೈಯಲ್ಲಿ ರಸ್ತೆಯ ಮೇಲೆ ನೀರು ನಿಂತಾಗ ಬಿಸಿ ಡಬ್ಬಿ ತಣ್ಣಗಾಗುತ್ತ ಒಳಕ್ಕೆ ಉಸಿರೆಳೆಯುತ್ತದೆ, ಆ ಉಸಿರಿನ ಜತೆ ನೀರೂ ಹೋಗುತ್ತದೆ. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ಹೊಸದು ಮಾಡಿ. ಉಪ್ಪುಗಾಳಿಗೆ ಅದು ಪುಡಿಯಾಗಿದ್ದರೆ ಸೆಲ್ಫ್ ಮೋಟಾರಿನ ವಿದ್ಯುತ್ತು ಕಿಕ್‌ಡೌನ್ ಕೇಬಲ್ಲಿನಲ್ಲಿ ಹರಿದು ಅದನ್ನು ಸುಡುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಹಾಕಿದಾಗ ಯೋಕ್ ಪೂರ್ತಿ ಒಳಕ್ಕೆ ತಳ್ಳಿ, ಅಲ್ಲಿಂದ ಮುಕ್ಕಾಲರಿಂದ ಒಂದು ಇಂಚು ಹೊರಗೆ ಉಳಿಯಬೇಕು, ಅದೂ ಗಾಡಿಯ ಭಾರ ಚಕ್ರದ ಮೇಲಿರುವಾಗ. ಗೇರ್‌ಬಾಕ್ಸ್ ಹಿಂದಕ್ಕೆ ಎಷ್ಟು ಡಿಗ್ರಿ ಬಾಗಿದೆಯೋ ಪಿನಿಯನ್ ಅಷ್ಟೇ ಡಿಗ್ರಿ ಎದುರು ಬಾಗಿರಬೇಕು, ವ್ಯತ್ಯಾಸ ಒಂದು ಡಿಗ್ರಿ ಮೀರಬಾರದು. ಶಾಫ್ಟಿನ ಪ್ರತಿ ಕ್ರಾಸಿನಲ್ಲಿ (ಯೂನಿವರ್ಸಲ್ ಜಾಯಿಂಟ್) 1ರಿಂದ 3 ಡಿಗ್ರಿ ಕೋನ ಸಾಕು. 60–80 ಕಿ.ಮೀ. ನಡುವೆ ನಡುಕ ಬಂದರೆ ಕಾರಣ ಸಾಮಾನ್ಯವಾಗಿ ಇಲ್ಲೇ. ಮೌಂಟಿನ ಕೆಳಗೆ ತಗಡು ಕೊಟ್ಟು ಸರಿಪಡಿಸಿ.

ಸ್ಪೀಡೋಮೀಟರಿಗೆ ಸೂತ್ರ ಸರಳ: ಡ್ರೈವ್ ಗೇರಿನ ಹಲ್ಲು, ಕ್ರೌನ್ ಅನುಪಾತ, ಒಂದು ಮೈಲಿಗೆ ಟೈರಿನ ಸುತ್ತು ಮೂರನ್ನೂ ಗುಣಿಸಿ 1,000ದಿಂದ ಭಾಗಿಸಿ. ಡ್ರೈವ್ 8 ಹಲ್ಲಿನದಾದರೆ 8 × 3.36 × 766, ಭಾಗಿಸಿದಾಗ 20.6. 21 ಹಲ್ಲಿನ ಡ್ರಿವನ್ ಗೇರು ಹಾಕಿ.

ಎಣ್ಣೆ ಡೆಕ್ಸ್‌ರಾನ್ 3 ದರ್ಜೆಯದು. ಪೂರ್ತಿ ಒಣಗಿದ ಟರ್ಬೊ 350 ಮತ್ತು ಕನ್ವರ್ಟರ್ ಸೇರಿ ಸುಮಾರು 9.5 ಲೀಟರ್ ಕುಡಿಯುತ್ತದೆ, ಕೂಲರಿನ ಪಾಲು ಬೇರೆ. ಸ್ಟಾರ್ಟ್ ಮಾಡುವ ಮುಂಚೆ 4 ಲೀಟರ್ ಹಾಕಿ. ಸ್ಟಾರ್ಟ್ ಆದ ಕೂಡಲೇ ಪಂಪು ಅಷ್ಟನ್ನೂ ಕನ್ವರ್ಟರಿಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಐಡಲ್‌ನಲ್ಲೇ ಇನ್ನೊಬ್ಬರು ಅರ್ಧರ್ಧ ಲೀಟರ್ ಸುರಿಯುತ್ತಿರಲಿ. ಹಿಂದಿನ ಚಕ್ರ ಎತ್ತಿಟ್ಟೇ, ಬ್ರೇಕ್ ಒತ್ತಿಕೊಂಡು ಎಲ್ಲ ಸ್ಥಾನಕ್ಕೂ ಒಮ್ಮೆ ಹಾಕಿ ತೆಗೆಯಿರಿ. ಅಂತಿಮ ಮಟ್ಟವನ್ನು ಎಣ್ಣೆ ಬಿಸಿಯಾದ ಮೇಲೆ, ಸಮತಟ್ಟಿನಲ್ಲಿ, ಪಾರ್ಕ್‌ನಲ್ಲಿ, ಇಂಜಿನ್ ಓಡುತ್ತಿರುವಾಗಲೇ ನೋಡಬೇಕು. ಹೆಚ್ಚಾದರೂ ಕೆಟ್ಟದ್ದೇ: ತಿರುಗುವ ಗೇರು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ನೊರೆ ಎಣ್ಣೆ ಒತ್ತಡ ಕೊಡದು.

ಮೊದಲ ಓಡಾಟ ಬನವಾಸಿ ಕಡೆಗೆ ಇರಲಿ, ದೇವಿಮನೆಗಲ್ಲ. ಒಂದು, ಎರಡು, ಮೂರು ಸ್ಪಷ್ಟವಾಗಿ ಬೀಳಬೇಕು. ಒಂದರಲ್ಲೇ ಸಿಕ್ಕಿಕೊಂಡರೆ, ಗಾಡಿಯ ವೇಗಕ್ಕೆ ತಕ್ಕಂತೆ ಗೇರ್ ಬೀಳಿಸುವ ಗವರ್ನರ್ ನೋಡಿ. ಅದರ ಪ್ಲಾಸ್ಟಿಕ್ ಗೇರು ಸವೆದಿರುತ್ತದೆ, ಗೇರ್‌ಬಾಕ್ಸ್ ಇಳಿಸದೆಯೇ ಬದಿಯ ಮುಚ್ಚಳ ತೆಗೆದು ಬದಲಿಸಬಹುದು. ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಕೂಗಿದರೆ ಮೊದಲು ಎಣ್ಣೆ ಮಟ್ಟ, ಆಮೇಲೆ ವ್ಯಾಕ್ಯೂಮ್, ಕೊನೆಗೆ ಕ್ಲಚ್. 500 ಕಿ.ಮೀ. ಆದ ಮೇಲೆ ಚೇಂಬರ್ ಬಿಚ್ಚಿ ಫಿಲ್ಟರ್ ಬದಲಿಸಿ. ತಳದಲ್ಲಿ ಬೂದು ಪುಡಿ ಸ್ವಲ್ಪ ಇರುವುದು ಸಹಜ, ಲೋಹದ ಚೂರು ಸಹಜವಲ್ಲ. ಘಟ್ಟ ಇಳಿಯುವಾಗ ದೇವಿಮನೆಯಿಂದಲೇ ಎರಡಕ್ಕೆ ಹಾಕಿ, ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡ್ರಮ್ ಬ್ರೇಕಿನ ಈ ಭಾರದ ಗಾಡಿಗೆ, ನನ್ನ ಲೆಕ್ಕದಲ್ಲಿ, ಹತ್ತುವುದಕ್ಕಿಂತ ಇಳಿಯುವುದಕ್ಕೇ ಟರ್ಬೊ 350 ಹೆಚ್ಚು ಉಪಕಾರಿ.

ಮನೆಯಲ್ಲಿ ಎಲ್ಲರಿಗೂ ತಿಳಿಸಿಡಬೇಕಾದ ಒಂದು ಬದಲಾವಣೆ ಇದೆ. 1960ರ ದಶಕದ ಮಧ್ಯದವರೆಗಿನ ಅನೇಕ ಪವರ್‌ಗ್ಲೈಡುಗಳಲ್ಲಿ ಹಿಂದಿನ ಪಂಪ್ ಇದ್ದುದರಿಂದ ಗಾಡಿ ತಳ್ಳಿ ಸ್ಟಾರ್ಟ್ ಮಾಡಲು ಆಗುತ್ತಿತ್ತು. ಟರ್ಬೊ 350ರಲ್ಲಿ ಆಗುವುದಿಲ್ಲ. ಹಿಂದಿನ ಚಕ್ರ ನೆಲದ ಮೇಲಿಟ್ಟು ಎಳೆದೊಯ್ಯಲೂಬಾರದು. ಪಂಪು ತಿರುಗದೆ ಒಳಗಿನ ಬುಷ್‌ಗಳಿಗೆ ಎಣ್ಣೆ ಸಿಗುವುದಿಲ್ಲ. ರಾಗಿಹೊಸಳ್ಳಿಯಲ್ಲಿ ಕೆಟ್ಟು ನಿಂತರೆ ಹಿಂಭಾಗ ಎತ್ತಿ ಒಯ್ಯಿರಿ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೆಯಿರಿ.

ಚಾಸಿ ಕತ್ತರಿಸುವ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು 'ವಿಎ' ಸರಣಿಯಲ್ಲಿ ನೋಂದಾಯಿಸಬಹುದು. ಆದರೆ ಅದು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಆ ಸರಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಹಾಗಾಗಿ ಯಾವ ನೋಂದಣಿ ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಸಾಮಾನ್ಯ ನೋಂದಣಿಯಲ್ಲೇ ಉಳಿದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. ಕೆಲಸ ಶುರುಮಾಡುವ ಮುಂಚೆ ನಿಮ್ಮ ಶಿರಸಿ ಆರ್‌ಟಿಒ ಕಚೇರಿಗೆ ಲಿಖಿತವಾಗಿ ತಿಳಿಸಿ ಉತ್ತರ ಪಡೆದುಕೊಳ್ಳಿ. ಗ್ಯಾಸ್ ಕಟರ್ ಚಾಸಿಯ ಹತ್ತಿರ ಬರಕೂಡದು. ಕ್ರಾಸ್ ಮೆಂಬರ್ ಸರಿಸಬೇಕಾದರೂ ಇರುವ ತೂತುಗಳಿಗೆ ಬೋಲ್ಟು ಹಾಕುವ ಬ್ರಾಕೆಟ್ ಮಾಡಿಸಿ, ಎಂದಾದರೂ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಿರಲಿ.

ಹಳೆಯ ಪವರ್‌ಗ್ಲೈಡನ್ನು ಗುಜರಿಗೆ ಕೊಡಬೇಡಿ. ಕನ್ವರ್ಟರ್, ಟಿವಿ ಕಡ್ಡಿ, ಲಿಂಕೇಜಿನ ತೋಳು, ಮೂಲ ಬೋಲ್ಟುಗಳ ಸಮೇತ ಇಟ್ಟುಕೊಳ್ಳಿ. ತೂತುಗಳನ್ನೆಲ್ಲ ಮುಚ್ಚಿ, ಒಳಗೆ ಎಟಿಎಫ್ ತುಂಬಿ, ಮಳೆಗಾಲದ ತೇವ ತಾಗದಂತೆ ನೆಲದಿಂದ ಎತ್ತರದ ಅಟ್ಟದ ಹಲಗೆಯ ಮೇಲಿಡಿ. ಆರು ತಿಂಗಳಿಗೊಮ್ಮೆ ಮುಂದಿನ ಶಾಫ್ಟನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿದರೆ ಸೀಲು, ಬುಷ್‌ಗಳು ಅಂಟಿಕೊಳ್ಳುವುದಿಲ್ಲ.